ಹತ್ತೊಂಬತ್ತು ಜೇಬು

ಸ್ಟುಡಿಯೋ ಹುಡುಗಿ ಬೀದಿಯ ನಟ್ಟನಡುವೆ ಸ್ಟೂಲು ಹಾಕಿಕೊಂಡು ನಿಲ್ಲುವುದು ನಾಲ್ಕನೆಯ ದಿನಕ್ಕೂ ಮುಂದುವರಿದಾಗ ಟೈಲರ್ ತನ್ನ ಅಂಗಡಿಯ ಒಂದು ಬಾಗಿಲನ್ನು ಮುಚ್ಚಿದ. ಎರಡನ್ನೂ ಮುಚ್ಚಲಿಲ್ಲ. ಅನುಮಾನ ಎಷ್ಟೇ ಇದ್ದರೂ ಗಿರಾಕಿ ಬರುವ ದಾರಿಗೆ ಅಡ್ಡ ನಿಲ್ಲಬಾರದು. ಅಲ್ಲದೆ ಎರಡೂ ಮುಚ್ಚಿದರೆ ಅವಳು ಏನು ಮಾಡುತ್ತಿದ್ದಾಳೆಂದು ಕಾಣುವುದಾದರೂ ಹೇಗೆ?

ಹುಡುಗಿ ಎಂದರೆ ನಲವತ್ತೆರಡು ತುಂಬಿದವಳು. ತಾತ ಶುರು ಮಾಡಿದ ಸ್ಟುಡಿಯೋವನ್ನು ಅಪ್ಪನ ನಂತರ ಅವಳೇ ನಡೆಸುತ್ತಿದ್ದಳು. ನಮ್ಮ ಬೀದಿಯಲ್ಲಿ ಒಮ್ಮೆ ಇಟ್ಟ ಹೆಸರನ್ನು ವಯಸ್ಸಿಗೆ ತಕ್ಕಂತೆ ತಿದ್ದುವ ಪದ್ಧತಿ ಇಲ್ಲ. 'ಪಾಪು' ಎಂದು ಕರೆಸಿಕೊಳ್ಳುವ ಒಬ್ಬರಿಗೆ ಮಂಡಿ ನೋವಿದೆ, ಇಬ್ಬರು ಅಳಿಯಂದಿರಿದ್ದಾರೆ.

ಬೀದಿಯೂ ಅಂಥದ್ದೇ, ಬದಲಾಗಲು ಒಪ್ಪದ್ದು. ಈಗ ಮುಚ್ಚಿಹೋಗಿರುವ ನೂಲಿನ ಗಿರಣಿಯವರು ಒಂದು ಕಾಲದಲ್ಲಿ ಕೆಲಸಗಾರರಿಗೆಂದು ಎರಡು ಸಾಲು ಮನೆ ಕಟ್ಟಿಸಿದ್ದರು. ಎಡಕ್ಕೆ ಇಪ್ಪತ್ತು, ಬಲಕ್ಕೆ ಇಪ್ಪತ್ತು, ಎಲ್ಲವೂ ಒಂದೇ ಅಚ್ಚು. ತುದಿಯಲ್ಲಿ, ಸರಿಯಾಗಿ ನಡುವೆ, ನೀರಿನ ಟ್ಯಾಂಕು. ಸ್ವಲ್ಪ ಹಾಕಿಕೊಂಡು ಬಂದವರು ತಮ್ಮದೆಂದು ಎದುರು ಮನೆಯ ಬಾಗಿಲು ತಟ್ಟಿ ಬೈಸಿಕೊಂಡ ಪ್ರಸಂಗಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಟ್ಯಾಂಕಿಗೆ ಮುಖ ಮಾಡಿ ನಿಂತರೆ ಎಡಸಾಲಿನ ಒಂಬತ್ತನೆಯ ಮನೆಯ ಪಕ್ಕದಲ್ಲಿ, ತನ್ನ ಮನೆಯ ಮುಂಭಾಗದಲ್ಲೇ, ಟೈಲರ್ ಅಂಗಡಿ. ಅದಕ್ಕೆ ನೇರ ಎದುರು, ಬಲಸಾಲಿನಲ್ಲಿ, ಸ್ಟುಡಿಯೋ.

ಅವಳು ಸ್ಟೂಲು ಹತ್ತಿದ್ದು ಮೇಷ್ಟ್ರ ಮಾತಿಗೆ. ಮೇಷ್ಟ್ರು ನಿವೃತ್ತಿಯಾದ ಮೇಲೆ, ಮಕ್ಕಳಿಗೆ ಕಲಿಸಲು ಆಗದ ಚರಿತ್ರೆಯನ್ನು ದೊಡ್ಡವರಿಗಾದರೂ ಕಲಿಸೋಣವೆಂದು ಹಟ ಹಿಡಿದಿದ್ದರು. ವಾರ್ಡ್ ಕಚೇರಿಯ ಸಭಾಂಗಣದಲ್ಲಿ ಒಂದು ಪ್ರದರ್ಶನ. ಬೀದಿಯ ಹಳೆಯ ಫೋಟೋಗಳನ್ನೂ ಹೊಸ ಫೋಟೋಗಳನ್ನೂ ಬೆಸೆದ ಹನ್ನೆರಡು ಚಿತ್ರಗಳು. ಹನ್ನೊಂದಕ್ಕೆ ಬೇಕಾದ ಹಳೆಯ ಫೋಟೋಗಳು ಮನೆಮನೆಗಳ ಗೋಡೆಯ ಮೇಲೆ ಸಿಕ್ಕಿದವು. ಹನ್ನೆರಡನೆಯದು, ಎಲ್ಲಕ್ಕಿಂತ ಒಳ್ಳೆಯದು, ಸಿಕ್ಕಿದ್ದು ಕಚೇರಿಯದೇ ಒಂದು ಹಳೆಯ ಕಡತದಲ್ಲಿ. ಗಿರಣಿಯ ಹತ್ತೊಂಬತ್ತು ಜನ ಕೆಲಸಗಾರರು ಸಮವಸ್ತ್ರದಲ್ಲಿ ಬೀದಿಗೆ ಅಡ್ಡಲಾಗಿ ಸಾಲು ನಿಂತಿದ್ದಾರೆ. ಅವರ ಹಿಂದೆ ಇಡೀ ಬೀದಿ, ಟ್ಯಾಂಕಿನವರೆಗೆ. ತೆಗೆದದ್ದು ಹುಡುಗಿಯ ತಾತ, ಅರವತ್ತೆರಡು ವರ್ಷದ ಹಿಂದೆ. ಬೆನ್ನಿಗೆ ಅವನ ಸಹಿ, ತಾರೀಕು, 'ಬೆಳಿಗ್ಗೆ ಎಂಟು ಗಂಟೆ' ಎಂಬ ಬರಹ, ಕಚೇರಿಯ ದುಂಡು ಮೊಹರು.

ಕೆಲಸ ಹೇಳುವುದಕ್ಕೆ ಸುಲಭ. ತಾತ ಎಲ್ಲಿ ನಿಂತಿದ್ದನೋ ಅಲ್ಲೇ, ಅವನ ಕಣ್ಣಿನ ಎತ್ತರದಲ್ಲೇ ನಿಂತು ಹೊಸದೊಂದು ಫೋಟೋ ತೆಗೆಯಬೇಕು. ಆಮೇಲೆ ಕಂಪ್ಯೂಟರಿನಲ್ಲಿ ಹೊಸದರ ಮೇಲೆ ಹಳೆಯದನ್ನು ಹಾಸಿ, ಬೇಕಾದ ಕಡೆ ಉಳಿಸಿ, ಬೇಡದ ಕಡೆ ತೆಳ್ಳಗೆ ಒರೆಸುತ್ತ ಹೋಗಬೇಕು. ಕೊನೆಗೆ, ಸತ್ತು ಎಷ್ಟೋ ವರ್ಷವಾದ ಫಿಟ್ಟರ್ ಒಬ್ಬ ಇವತ್ತಿನ ಸ್ಕೂಟರಿಗೆ ಒರಗಿಕೊಂಡು ನಿಂತಿರುತ್ತಾನೆ. ಮಾಡುವುದು ಮಾತ್ರ ಕಷ್ಟ. ಒಂದು ಗೇಣು ಆಚೀಚೆಯಾದರೆ ಸೂರುಗಳು ಕೂಡುವುದಿಲ್ಲ. ನೆರಳೂ ಕೂಡಬೇಕು. ಬೆಳಿಗ್ಗೆ ಎಂಟಕ್ಕೆ ಎರಡು ದಿನ ನಿಂತು ನೋಡಿದಳು. ನೆರಳು ಎಡಕ್ಕೆ ಬೀಳುತ್ತಿತ್ತು, ಫೋಟೋದಲ್ಲಿ ಬಲಕ್ಕೆ. ಸಂಜೆ ನಾಲ್ಕೂವರೆಗೆ ಸರಿಹೋಯಿತು. ತಾತ ಹೊತ್ತು ಬರೆಯುವಾಗ ಯಾವುದೋ ಧ್ಯಾನದಲ್ಲಿದ್ದನೆಂದುಕೊಂಡಳು. ಬಲಗಡೆಯ ಅಂಚಿನಲ್ಲಿ ಎರಡು ಬೆರಳಿನಷ್ಟು ಕೊನೆಗೂ ಕೂಡಲಿಲ್ಲ. ಅದನ್ನು ಹಳೆಯ ಲೆನ್ಸಿನ ತಲೆಗೆ ಕಟ್ಟಿದಳು.

ಇಷ್ಟನ್ನು ಬೀದಿಯಲ್ಲಿ ಯಾರೂ ನಂಬಲಿಲ್ಲ. ನಾಲ್ಕು ದಿನ ಸ್ಟೂಲಿನ ಮೇಲೆ ನಿಂತು ಒಂದು ಫೋಟೋ ತೆಗೆಯುವುದು ಬುದ್ಧಿ ನೆಟ್ಟಗಿರುವವರು ಮಾಡುವ ಕೆಲಸವಲ್ಲ, ಅವಳ ಬುದ್ಧಿ ನೆಟ್ಟಗಿದೆ, ಆದ್ದರಿಂದ ಇದರ ಹಿಂದೆ ಏನೋ ಇದೆ, ತರ್ಕ ಹೀಗಿತ್ತು. ರಸ್ತೆ ಅಗಲ ಮಾಡುತ್ತಾರಂತೆ ಎಂದವರು ಕೆಲವರು. ಟೈಲರ್ ಹೆಂಡತಿಯದು ಬೇರೆ ಮಾತು: ಆ ಕ್ಯಾಮೆರಾ ಯಾವತ್ತೂ ನಮ್ಮ ಕಡೆಗೇ ಯಾಕೆ ವಾಲಿರುತ್ತದೆ ಎಂದು ಅವಳು ಗಂಡನನ್ನು ಕೇಳಿದಳು. ವಾಲಿರಲಿಲ್ಲ. ಆದರೆ ಹಾಗೆಂದ ಮೇಲೆ ನೋಡಿದವರಿಗೆಲ್ಲ ವಾಲಿದಂತೆಯೇ ಕಂಡಿತು.

ಟೈಲರನ ಅನುಮಾನಕ್ಕೆ ಅವನದೇ ಕಾರಣವಿತ್ತು. ಗಿರಣಿಯ ಕಾಲದಲ್ಲಿ ಎರಡು ಸಾಲುಗಳಲ್ಲಿ ಯಾವುದೋ ಒಂದರಲ್ಲಿ, ಹಿಂದೆ ಈಗ ಬೀದಿಯಿರುವ ಕಡೆಗೆ ಹೋಗಲು ಐದಡಿ ಅಗಲದ ಸಂದು ಒಂದು ಇತ್ತು. ಈಗ ಇಲ್ಲ. ಎಡದ ಹಿಂಬೀದಿಯವರು ಅದು ತಮ್ಮ ಕಡೆಗಿತ್ತು ಎನ್ನುತ್ತಿದ್ದರು, ಬಲದ ಹಿಂಬೀದಿಯವರು ತಮ್ಮ ಕಡೆಗೆ. ಇಬ್ಬರೂ ಬಸ್ಸಿಗೂ ನಲ್ಲಿಗೂ ಎರಡು ಬೀದಿ ಸುತ್ತಿ ಬರಬೇಕಾಗಿತ್ತು. ಇಬ್ಬರೂ ಕಚೇರಿಗೆ ಅರ್ಜಿ ಕೊಡುತ್ತಲೇ ಇದ್ದರು. ಸಂದು ಎಲ್ಲಿತ್ತೆಂದು ನೆನಪಿದ್ದವರು ಸತ್ತಿದ್ದರು. ಬದುಕಿದ್ದವರಿಗೆ ನೆನಪಿರಲಿಲ್ಲ, ಅಥವಾ ನೆನಪಿಲ್ಲದಿರುವುದೇ ಅನುಕೂಲವಾಗಿತ್ತು. ಟೈಲರ್ ಚಿಕ್ಕವನಾಗಿದ್ದಾಗ ಕಚೇರಿಯ ಒಬ್ಬ ಸಾಹೇಬರು ಕೈಯಲ್ಲಿ ಒಂದು ಫೋಟೋ ಹಿಡಿದು ಬಂದು, 'ಸಂದು ಈ ಸಾಲಿನಲ್ಲಿ ಎಲ್ಲೋ ಇತ್ತು' ಎಂದು ಇವರ ಮನೆಯ ಗೋಡೆಗೆ ಸುತ್ತಿಗೆ ಹಾಕಿಸಿದ್ದರು. ಗೋಡೆಯಾಚೆ ಅಡುಗೆಮನೆ ಕಂಡಿತು. ಮುಂದೇನೆಂದು ಯೋಚಿಸುವಷ್ಟರಲ್ಲಿ ಸಾಹೇಬರಿಗೆ ವರ್ಗವಾಯಿತು. ನಮ್ಮ ಬೀದಿ ಇಂದಿಗೂ ನಿಂತಿರುವುದು ಇಂಥ ಸಕಾಲದ ವರ್ಗಾವಣೆಗಳ ಬಲದಿಂದ. ಗೋಡೆಯ ತೂತನ್ನು ಅಪ್ಪ ಮುಚ್ಚಿದ. ಆದರೆ ಸಾಯುವವರೆಗೂ, ಹೊಲಿಯುತ್ತ ಹೊಲಿಯುತ್ತ ತಲೆಯೆತ್ತಿ ಆ ತೇಪೆಯನ್ನು ನೋಡುವುದು ಬಿಡಲಿಲ್ಲ.

ಚಿತ್ರ ಸಿದ್ಧವಾಯಿತು. ಅದನ್ನು ನೋಡಲು ಮೇಷ್ಟ್ರು ವಾರ್ಡ್ ಇಂಜಿನಿಯರನ್ನೂ ಕರೆತಂದರು. ಸ್ಟುಡಿಯೋದ ಒಳಗೋಣೆ ಕಿರಿದು, ಕಿಟಕಿಯಿಲ್ಲ. ತಾತ ಅದನ್ನು ಡಾರ್ಕ್‌ರೂಮ್ ಎಂದು ಬಳಸುತ್ತಿದ್ದ, ಈಗ ಕಂಪ್ಯೂಟರು, ಪ್ರಿಂಟರು, ಲ್ಯಾಮಿನೇಷನ್ ಯಂತ್ರ ಎಲ್ಲ ಅಲ್ಲೇ. ಮೂವರು ನಿಂತರೆ ನಾಲ್ಕನೆಯವರು ಹೊರಗಿರಬೇಕು. ಇಂಜಿನಿಯರ್ ಚಿತ್ರವನ್ನು ಮೆಚ್ಚಿದರು, ಮತ್ತೆ ನೋಡಿದರು, ಆಮೇಲೆ ಪರದೆಯ ಮೇಲೆ ಬೆರಳಿಟ್ಟರು. ಹತ್ತೊಂಬತ್ತು ಜನರ ಹಿಂದೆ, ಎಡಸಾಲಿನಲ್ಲಿ, ಒಂಬತ್ತನೆಯ ಮನೆ ಮುಗಿದ ಕೂಡಲೇ ಕಪ್ಪಗೆ ಒಂದು ಸಂದು. ಅದರ ಬಾಯಿಗೆ ಸರಿಯಾಗಿ, ಇವತ್ತಿನ ಬಣ್ಣದಲ್ಲಿ, ಟೈಲರ್‌ನ ಹೊಲಿಗೆ ಯಂತ್ರ.

ಹಿಂದಿನ ಸಾಹೇಬರಿಗೆ ಇದ್ದದ್ದು 'ಎಲ್ಲೋ' ಎಂಬ ಅಂದಾಜು. ಈ ಸಾಹೇಬರಿಗೆ ಈಗ ಅಂಗುಲದ ಲೆಕ್ಕ ಸಿಕ್ಕಿತ್ತು. ಮರುದಿನವೇ ಅಂಗಡಿಯ ಬಾಗಿಲ ಚೌಕಟ್ಟಿಗೆ ಕೆಂಪು ಬಣ್ಣದ ಗೆರೆ ಬಿತ್ತು, ಒಂದು ನೋಟೀಸು ಅಂಟಿತು: ಹತ್ತು ದಿನದೊಳಗೆ ಐದಡಿ ಜಾಗ ತೆರವು ಮಾಡಬೇಕು. ಟೈಲರ್ ಅಂಗಡಿಯ ಅಗಲ ಐದೂಮುಕ್ಕಾಲು ಅಡಿ.

ನೋಟೀಸು ಅಂಟಿದ ನಾಲ್ಕನೆಯ ದಿನ ಅವನು ಹೆಂಡತಿಯ ಜೊತೆ ರಸ್ತೆ ದಾಟಿ ಸ್ಟುಡಿಯೋಕ್ಕೆ ಬಂದ. ಜಗಳಕ್ಕೆ ಬಂದವನು ಮೊದಲು ಚಪ್ಪಲಿ ಬಿಟ್ಟು ಒಳಗೆ ಬಂದದ್ದನ್ನು ನೋಡಿದರೆ ಮನುಷ್ಯ ಎಂಥವನೆಂದು ತಿಳಿಯಬಹುದಿತ್ತು. ಹೆಂಡತಿ ಬಿಡಲಿಲ್ಲ.

"ನಿನ್ನ ಮೊದಲ ಲಂಗಕ್ಕೆ ಅಳತೆ ತಗೊಂಡವರು ಇವರು. ಇವತ್ತು ನೀನು ಇವರ ಅಂಗಡಿ ಅಳತೆ ತೆಗೆದೆ. ಲೆಕ್ಕ ಸಮ ಆಯ್ತು ಬಿಡು."

ಹುಡುಗಿ, ತಾನು ಅಳೆದದ್ದು ಅಂಗಡಿಯನ್ನಲ್ಲ, ಫೋಟೋದಲ್ಲಿ ಏನಿದೆಯೋ ಅದೇ ಬಂದಿದೆ, ಮಾಮ ಬೇಕಾದರೆ ನೋಡಲಿ ಎಂದಳು. ಪ್ರದರ್ಶನಕ್ಕೆಂದು ಆ ಹಳೆಯ ಫೋಟೋವನ್ನು ಆಳೆತ್ತರಕ್ಕೆ ಪ್ರಿಂಟ್ ತೆಗೆದು ಮುಂದಿನ ಕೋಣೆಯಲ್ಲಿ ಗೋಡೆಗೆ ನಿಲ್ಲಿಸಿದ್ದಳು. ಟೈಲರ್ ಅದರ ಮುಂದೆ ನಿಂತ. ಅವನಿಗೆ ಆ ಹತ್ತೊಂಬತ್ತು ಜನರಲ್ಲಿ ಏಳೆಂಟು ಮುಖಗಳ ಗುರುತು ಹತ್ತಿತು. ಆಮೇಲೆ ಮುಖ ಬಿಟ್ಟು ಕೆಳಗಿಳಿದ. ಯಾರೇ ಎದುರು ಬಂದರೂ ಅವನ ಕಣ್ಣು ಕೊನೆಗೆ ಇಳಿಯುವುದು ಕಾಲರಿಗೆ, ಭುಜದ ಹೊಲಿಗೆಗೆ. ನಲವತ್ತು ವರ್ಷದ ಅಭ್ಯಾಸ.

ಮೂಗು ಪ್ರಿಂಟಿಗೆ ತಾಗುವಷ್ಟು ಬಾಗಿ ಸಾಲಿನ ಈ ತುದಿಯಿಂದ ಆ ತುದಿಗೆ ಸರಿದ. ಹೆಂಡತಿಗೆ ಗಾಬರಿಯಾಯಿತು.

"ಈ ಶರ್ಟು ಯಾರು ಹೊಲಿದದ್ದು ಗೊತ್ತಾ?" ಎಂದ ಕೊನೆಗೆ.

ಹುಡುಗಿಗೆ ಗೊತ್ತಿರಲಿಲ್ಲ.

"ನಮ್ಮಪ್ಪ. ಗಿರಣಿ ಸಮವಸ್ತ್ರ ಅಷ್ಟೂ ನಮ್ಮಪ್ಪನೇ ಹೊಲಿತಿದ್ದ. ಈ ಕಾಲರ್ ತುದಿ ನೋಡು, ಹೀಗೆ ತಿರುಗಿಸೋದು ಅವನೊಬ್ಬನೇ." ಬೆರಳು ಕಾಲರಿನಿಂದ ಎದೆಗಿಳಿಯಿತು. "ಜೇಬು ಎಲ್ಲಿದೆ?"

ಎದೆಯ ಮೇಲಿದೆ ಎಂದಳು ಹುಡುಗಿ.

"ಯಾವ ಕಡೆ?"

ಎಡಕ್ಕಿರಬೇಕಾದ ಜೇಬು ತೊಟ್ಟವರ ಬಲ ಎದೆಯ ಮೇಲಿತ್ತು. ಒಬ್ಬನಿಗಲ್ಲ, ಹತ್ತೊಂಬತ್ತೂ ಜನರಿಗೆ. ಗುಂಡಿಯ ಪಟ್ಟಿಯೂ ತಿರುಗಾಮುರುಗಾ: ಎಡ ಮೇಲಾಗಬೇಕಾದದ್ದು ಬಲ ಮೇಲಾಗಿತ್ತು. ಟೈಲರ್‌ನ ಮುಖ ಕೆಂಪಾಯಿತು. ಅಂಗಡಿಗೆ ಕೆಂಪು ಗೆರೆ ಬಿದ್ದಾಗ ಅವನಿಗೆ ಭಯವಾಗಿತ್ತು. ಸಿಟ್ಟು ಬಂದದ್ದು ಈಗ.

"ಹೆಂಗಸರ ರವಿಕೆ ಪಟ್ಟಿ ಹಾಕಿ ಹತ್ತೊಂಬತ್ತು ಗಂಡಸರನ್ನ ಬೀದೀಲಿ ನಿಲ್ಲಿಸೋ ಟೈಲರಲ್ಲ ನಮ್ಮಪ್ಪ. ಏನು ಮಾಡಿದೀಯಾ ಈ ಫೋಟೋಕ್ಕೆ?"

ಅವಳು ಏನೂ ಮಾಡಿರಲಿಲ್ಲ. ಕಡತದಿಂದ ಬಂದ ಮೂಲ ಫೋಟೋ ತಂದು ತೋರಿಸಿದಳು; ಅದರಲ್ಲೂ ಜೇಬು ಬಲಕ್ಕೇ ಇತ್ತು. ಟೈಲರ್ ಅದನ್ನು ಬೆಳಕಿಗೆ ಹಿಡಿದು, ತಿರುವಿ, ಮೊಹರನ್ನು ಕೂಡ ಅನುಮಾನದಿಂದ ನೋಡಿದ. ಹುಡುಗಿ ಮಾತ್ರ ಅಷ್ಟರಲ್ಲಿ ಒಳಗೋಣೆಗೆ ಹೋಗಿದ್ದಳು. ಹೋಗುವಾಗಲೇ ಅವಳಿಗೆ ಬೆಳಿಗ್ಗೆ ಎಂಟು ಗಂಟೆಯೂ ಬಲಕ್ಕೆ ಬಿದ್ದ ನೆರಳೂ ತಲೆಯಲ್ಲಿ ಓಡುತ್ತಿದ್ದವು. ಫಿಲ್ಮಿನ ಬದಲು ಗಾಜಿನ ಪ್ಲೇಟು ಬಳಸುತ್ತಿದ್ದ ಕಾಲದಲ್ಲಿ ಕಲಿಯುವವರು ಮೊದಲ ದಿನವೇ ಮಾಡುತ್ತಿದ್ದ ತಪ್ಪು ಒಂದಿತ್ತು: ಪ್ಲೇಟಿನ ಮಸುಕು ಬದಿ, ಅಂದರೆ ಚಿತ್ರ ಮೂಡಿದ ಬದಿ, ಕಾಗದಕ್ಕೆ ತಾಗುವಂತೆ ಇಡಬೇಕು; ಮಗುಚಿಟ್ಟರೆ ಚಿತ್ರ ಬರುತ್ತದೆ, ಆದರೆ ಎಡ ಬಲವಾಗಿ, ಬಲ ಎಡವಾಗಿ. ಮುಖಗಳಲ್ಲಿ ಗೊತ್ತಾಗುವುದಿಲ್ಲ. ಬೋರ್ಡು ಗೀರ್ಡು ಇದ್ದರೆ ಗೊತ್ತಾಗುತ್ತದೆ. ಆ ಕಾಲದಲ್ಲಿ ನಮ್ಮ ಬೀದಿಯಲ್ಲಿ ಒಂದೂ ಬೋರ್ಡಿರಲಿಲ್ಲ. ಎರಡೂ ಕಡೆ ಒಂದೇ ಅಚ್ಚಿನ ಮನೆಗಳಿರುವ ಬೀದಿಯಂತೂ ಮಗುಚಿದರೂ ಬೀದಿಯೇ.

ಅವಳು ಹಳೆಯ ಫೋಟೋವನ್ನು ಕಂಪ್ಯೂಟರಿನಲ್ಲಿ ಮಗುಚಿ ಹೊಸದರ ಮೇಲೆ ಹಾಸಿದಳು. ನಾಲ್ಕು ದಿನ ಒದ್ದಾಡಿಸಿದ ಆ ಎರಡು ಬೆರಳಿನ ವ್ಯತ್ಯಾಸ ಇಲ್ಲವಾಯಿತು. ಸೂರಿಗೆ ಸೂರು, ಟ್ಯಾಂಕಿನ ಕಂಬಕ್ಕೆ ಕಂಬ, ಹೊಲಿಗೆ ಹಾಕಿದಂತೆ ಕೂಡಿತು. ಜೇಬುಗಳೆಲ್ಲ ಎಡಕ್ಕೆ ಬಂದವು, ಹಳೆಯ ಫೋಟೋದ ನೆರಳೂ ಬೆಳಿಗ್ಗೆ ಎಂಟಕ್ಕೆ ಬೀಳುವ ಹಾಗೆ ಎಡಕ್ಕೆ ತಿರುಗಿತು. ಸಂದು ಟೈಲರ್ ಅಂಗಡಿಯಿಂದ ಎದ್ದು ರಸ್ತೆ ದಾಟಿ, ಬಲಸಾಲಿನಲ್ಲಿ, ಇವಳು ಕೂತಿದ್ದ ಒಳಗೋಣೆಯ ಮೇಲೆ ಬಂದು ಕೂತಿತು. ಅವಳು ಕುರ್ಚಿಯಲ್ಲೇ ತಿರುಗಿ ಎರಡು ಗೋಡೆಗಳನ್ನು ನೋಡಿದಳು. ಕೈ ಚಾಚಿದರೆ ಎರಡೂ ತಾಗುವಷ್ಟು ಅಗಲ. ಅಳೆಯುವ ಅಗತ್ಯವಿರಲಿಲ್ಲ. ಆದರೂ ಹೆಂಡತಿಯೊಂದಿಗೆ ಹಿಂದೆಯೇ ಒಳಬಂದಿದ್ದ ಟೈಲರ್ ಕೊರಳಿನ ಟೇಪು ತೆಗೆದು ಅಳೆದ. ಐದಡಿ.

ಟೈಲರ್ ಹೆಂಡತಿ ಎಲ್ಲರಿಗಿಂತ ಮೊದಲು ಮಾತಾಡಿದಳು. ಇವಳ ತಾತ ಏನೋ ಆವತ್ತು ಕೈತಪ್ಪಿ ಪ್ಲೇಟು ಮಗುಚಿಟ್ಟಿರಬೇಕು ಪಾಪ, ವಯಸ್ಸಾದವರು ಎಂದಳು. ಗೆದ್ದವರಿಗೆ ಬರುವ ಕರುಣೆ ಅದು.

ಹುಡುಗಿ ಫೋಟೋದ ಕೆಳಅಂಚನ್ನು ನೋಡುತ್ತಿದ್ದಳು. ತಾತ ಪ್ರತಿ ಪ್ಲೇಟಿನ ಕೆಳಮೂಲೆಯಲ್ಲಿ ಸೂಜಿಯಿಂದ ನಂಬರು ಗೀರುತ್ತಿದ್ದ. ಅವನ ಪ್ರಿಂಟುಗಳಲ್ಲೆಲ್ಲ ಆ ನಂಬರು ನೆಟ್ಟಗೆ, ಕಪ್ಪಾಗಿ ಮೂಡಿರುತ್ತಿತ್ತು. ಇದರಲ್ಲಿರಲಿಲ್ಲ. ಕೆಳಗಿನ ಒಂದು ಬೆರಳಗಲ ಪಟ್ಟಿಯನ್ನು ಯಾರೋ ನೀಟಾಗಿ ಕತ್ತರಿಸಿ ತೆಗೆದಿದ್ದರು. ಮಗುಚಿದ ಚಿತ್ರದಲ್ಲಿ ಮಗುಚಿದ ನಂಬರು ಇದ್ದರೆ ಯಾವ ಗುಮಾಸ್ತನಿಗಾದರೂ ಗೊತ್ತಾಗುತ್ತಿತ್ತು.

"ನಿಮ್ಮ ತಾತ ಗೊತ್ತಿದ್ದೇ ಮಾಡಿದ್ನಾ?" ಎಂದ ಟೈಲರ್.

"ನಿಮ್ಮಪ್ಪ ತಪ್ಪು ಹೊಲಿದಿದ್ರಾ ಮಾಮ?"

"ಸಾಧ್ಯನೇ ಇಲ್ಲ."

"ಹಾಗಾದ್ರೆ ನಮ್ಮ ತಾತನೂ ತಪ್ಪು ಪ್ರಿಂಟ್ ಹಾಕಿರಲ್ಲ."

ತಾತನ ಸಾಮರ್ಥ್ಯದ ಬಗ್ಗೆ ಮೊಮ್ಮಗಳು ಕೊಟ್ಟ ಈ ಪ್ರಮಾಣಪತ್ರವನ್ನು ಟೈಲರ್ ಒಪ್ಪಿಕೊಂಡ. ಅವಳನ್ನು ಮಾತ್ರ ನಂಬಲಿಲ್ಲ. ತಾನು ಎದ್ದು ಹೋದ ಮೇಲೆ ಕಂಪ್ಯೂಟರಿನಲ್ಲಿ ಇನ್ನೇನಾದರೂ ಮಗುಚಿಕೊಂಡರೆ? ಹೊಸ ಪ್ರಿಂಟು ಹೊರಬರುವವರೆಗೆ ಬಾಗಿಲಲ್ಲೇ ಕೂತ. ಬಂದ ಮೇಲೆ ಬೆರಳಿಟ್ಟು ಜೇಬುಗಳನ್ನು ಒಂದೊಂದಾಗಿ ಎಣಿಸಿದ. ಹತ್ತೊಂಬತ್ತು ಆದ ಮೇಲೆ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಅವಳನ್ನೂ ಹೊರಡಿಸಿಕೊಂಡು ವಾರ್ಡ್ ಕಚೇರಿಗೆ ನಡೆದ.

ಅಲ್ಲಿ ಇಂಜಿನಿಯರ್ ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಟೈಲರ್ ಹೇಳಿದ್ದನ್ನೆಲ್ಲ ಕೇಳಿದರು. ಜೇಬಿನ ವಿಷಯ ಬಂದಾಗ ಆ ಕಾಲದ ಫ್ಯಾಷನ್ ಹಾಗಿದ್ದಿರಬಹುದಲ್ಲ ಎಂದರು. ಇಂಜಿನಿಯರ್ ವಾದ ಸರಳವಾಗಿತ್ತು, ಮತ್ತು ತಪ್ಪೆಂದು ಹೇಳುವಂತಿರಲಿಲ್ಲ: ಒಂದು ಕಡೆ ಅರವತ್ತು ವರ್ಷ ಹಳೆಯ ಕಾಗದವಿದೆ, ಸಹಿಯಿದೆ, ಕಚೇರಿಯ ಮೊಹರಿದೆ. ಇನ್ನೊಂದು ಕಡೆ ಇವತ್ತು ಕಂಪ್ಯೂಟರಿನಲ್ಲಿ ಮಾಡಿದ ಚಿತ್ರವಿದೆ. ಕಂಪ್ಯೂಟರಿನಲ್ಲಿ ಆನೆಗೆ ರೆಕ್ಕೆ ಹಚ್ಚಬಹುದು. ಸುಳ್ಳು ಹೇಳುತ್ತಿದ್ದ ಕಾಗದಕ್ಕೆ ಮೊಹರಿತ್ತು, ನಿಜ ಹೇಳುತ್ತಿದ್ದ ಚಿತ್ರಕ್ಕೆ ಇರಲಿಲ್ಲ. ಕಚೇರಿಗಳು ಇಂಥ ಸಂದರ್ಭದಲ್ಲಿ ಯಾವುದನ್ನು ನಂಬುತ್ತವೆ ಎಂದು ಹೇಳಬೇಕಾಗಿಲ್ಲ.

ಆ ಗಾಜಿನ ಪ್ಲೇಟೇ ಇದ್ದರೆ ಬೇರೆ ಮಾತು ಎಂದೂ ಸೇರಿಸಿದರು.

ಇದೆಯೋ ಇಲ್ಲವೋ ನೋಡಬೇಕು ಎಂದಳು ಹುಡುಗಿ. ಟೈಲರ್ ಅವಳನ್ನು ಓರೆಗಣ್ಣಿನಲ್ಲಿ ನೋಡಿದ. ವಾಪಸು ಬರುವ ದಾರಿಯಲ್ಲಿ ಇಬ್ಬರೂ ರಸ್ತೆಯ ಎರಡು ಬದಿಯಲ್ಲಿ ನಡೆದರು. ನೋಟೀಸಿನ ಗಡುವಿಗೆ ಇನ್ನು ಆರು ದಿನವಿತ್ತು. ಅವಳು ಸುಮ್ಮನಿದ್ದರೆ ಸಾಕು, ಒಂದು ಸುಳ್ಳೂ ಹೇಳಬೇಕಾಗಿರಲಿಲ್ಲ. ಇದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆ ದಿನದಿಂದ ಟೈಲರ್ ಅಂಗಡಿಯ ಎರಡೂ ಬಾಗಿಲು ತೆರೆದು, ಯಂತ್ರವನ್ನು ಸ್ಟುಡಿಯೋದ ಕಡೆಗೆ ತಿರುಗಿಸಿಕೊಂಡು ಕೂತ. ಸ್ಟುಡಿಯೋದಿಂದ ಕಸದ ಬುಟ್ಟಿ ಹೊರಗೆ ಬಂದರೆ ಅವನ ಹೆಂಡತಿಗೆ ಆಗಲೇ ಆ ಕಡೆ ಏನೋ ಕೆಲಸ ಬೀಳುತ್ತಿತ್ತು.

ಸ್ಟುಡಿಯೋದ ಹಿಂದಿನ ಮನೆಯಲ್ಲಿ ಹುಡುಗಿಯ ಜೊತೆಗಿದ್ದವಳು ಅವಳ ಸೋದರತ್ತೆ, ತಾತನ ಹಿರಿಮಗಳು. ಎಪ್ಪತ್ತೊಂಬತ್ತು ವಯಸ್ಸು, ಕಿವಿ ಅವಳಿಗೆ ಬೇಕಾದಾಗ ಕೇಳುತ್ತಿತ್ತು. ಪ್ಲೇಟುಗಳೆಲ್ಲ ಎಲ್ಲಿ ಹೋದವು ಎಂದು ಎರಡು ದಿನ ಕೇಳಿದರೆ ಎರಡು ದಿನವೂ ಕೇಳಿಸಲಿಲ್ಲ. ಮೂರನೆಯ ದಿನ ಹುಡುಗಿ ಮಂಚದ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು.

"ಕೇಳಬೇಡ ಕಣೇ," ಎಂದಳು ಅತ್ತೆ. "ಕೇಳಿದ್ರೆ ಹೇಳಿಬಿಡ್ತೀನಿ."

"ಕೇಳ್ತಿದೀನಿ."

ಅತ್ತೆ ಹೇಳಿದಳು. ತಾತ ಮೊದಲು ಫೋಟೋ ತೊಳೆಯುತ್ತಿದ್ದದ್ದು ಅಡುಗೆಮನೆಯಲ್ಲಿ, ಅಡುಗೆಯ ಪಾತ್ರೆಗಳಲ್ಲೇ. ಒಂದು ದಿನ ಹಾಲಿನ ಪಾತ್ರೆಯಲ್ಲಿ ಯಾರದೋ ಮದುವೆಯ ಫೋಟೋ ತೇಲುತ್ತಿತ್ತು. ಅಜ್ಜಿ ಒಂದೇ ಮಾತು ಹೇಳಿದಳು: ಈ ಮನೆಯಲ್ಲಿ ಒಂದೋ ನಾನು ಅಡುಗೆ ಮಾಡಬೇಕು, ಇಲ್ಲವೇ ನೀವು. ಪಕ್ಕದಲ್ಲಿ ಐದಡಿ ಸಂದು ಖಾಲಿ ಬಿದ್ದಿತ್ತು. ಆಗ ಹಿಂದೆ ಬೀದಿಯಿರಲಿಲ್ಲ, ಬಯಲು, ಓಡಾಡುವವರು ಕಡಿಮೆ. ತಾತ ಎರಡೂ ತುದಿಗೆ ಗೋಡೆ ಹಾಕಿ, ಮೇಲೊಂದು ಸೂರು ಹೊದಿಸಿದ. ಇಟ್ಟಿಗೆ ಎತ್ತಿ ಕೊಟ್ಟವಳು ಅತ್ತೆಯೇ. ವರ್ಷಗಳು ಕಳೆದು ಹಿಂದೆ ಬೀದಿ ಎದ್ದಿತು, ಅರ್ಜಿ ಹೋಯಿತು, ಕಚೇರಿಯವರು ಬಂದು ಹಳೆಯ ಫೋಟೋ ಇದ್ದರೆ ಕೊಡಿ ಎಂದು ಕೇಳಿದರು. ತಾತ ಕೊಟ್ಟ. ಕೊಡುವ ಮುಂಚೆ ಡಾರ್ಕ್‌ರೂಮಿನಲ್ಲಿ ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ಇದ್ದ.

ಟೈಲರ್ ಮನೆಯ ಗೋಡೆ ಒಡೆದ ದಿನ ತಾತ ಊಟ ಮಾಡಲಿಲ್ಲವೆಂದು ಅತ್ತೆ ಹೇಳಿದಳು. ಒಂದು ಹೊತ್ತು, ಎಂದು ತಾನೇ ತಿದ್ದಿದಳು. ಪ್ಲೇಟು ತನ್ನ ಮಂಚದ ಕೆಳಗಿನ ಪೆಟ್ಟಿಗೆಯಲ್ಲೇ ಇದೆ, ಆದರೆ ತೆಗೆಯುವ ಮುಂಚೆ ಯೋಚನೆ ಮಾಡು ಎಂದಳು.

"ಕಾಗದ ಅವರದೇ, ಮೊಹರೂ ಅವರದೇ. ನಿನ್ನ ತಪ್ಪೇನಿದೆ? ಸುಮ್ಮನಿದ್ದುಬಿಡು."

ಹುಡುಗಿ ಯೋಚಿಸಿದಳೇ ಎಂದು ಹೇಳುವುದು ಕಷ್ಟ. ಒಳಗೋಣೆ ಹೋದರೆ ಉಳಿಯುವುದು ಮುಂದಿನ ಒಂದು ಕೋಣೆ. ಪ್ರಿಂಟರು ಇಟ್ಟರೆ ಫೋಟೋ ತೆಗೆಸಿಕೊಳ್ಳುವವರು ನಿಲ್ಲಲಾರರು, ಅವರು ನಿಂತರೆ ಪ್ರಿಂಟರಿಗೆ ಜಾಗವಿಲ್ಲ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಮಗುಚಿದ ಚಿತ್ರ ಇಂಚಿಗೆ ಇಂಚು ಕೂಡಿದ್ದನ್ನು ಅವಳು ಕಣ್ಣಾರೆ ನೋಡಿಬಿಟ್ಟಿದ್ದಳು. ಕೂಡದ ಚಿತ್ರವನ್ನು ಹನ್ನೆರಡನೆಯದೆಂದು ತನ್ನ ಹೆಸರಿನಲ್ಲಿ ಗೋಡೆಗೆ ಹಾಕುವುದು ಅವಳಿಂದ ಆಗದ ಮಾತು. ಒಳ್ಳೆಯತನ ಎನ್ನುವುದಕ್ಕಿಂತ ಇದು ಕಸುಬಿನ ಹಟ ಎಂದರೆ ಸರಿ. ಅವಳು ನೆಲಕ್ಕೆ ಕೂತು ಪೆಟ್ಟಿಗೆ ಎಳೆದಳು. ಅತ್ತೆ ಕಾಲು ಮೇಲಕ್ಕೆತ್ತಿಕೊಂಡು ದಾರಿ ಬಿಟ್ಟಳು.

ಪ್ಲೇಟನ್ನು ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ಅವಳು ಹೊರಬಿದ್ದಾಗ ಟೈಲರ್ ಯಂತ್ರ ನಿಲ್ಲಿಸಿದ. ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಹೊರಟ. ಮೂಲೆಯ ಮೋರಿಯ ಹತ್ತಿರ ಅವಳ ಕೈ ಸ್ವಲ್ಪ ಸಡಿಲವಾದಂತೆ ಕಂಡಿತು. ಅವನು ಎರಡು ಹೆಜ್ಜೆಗೆ ಪಕ್ಕಕ್ಕೆ ಬಂದು, ಭಾರ ಇರುತ್ತದೆ, ತಾನು ಹಿಡಿದುಕೊಳ್ಳುತ್ತೇನೆ ಎಂದ. ಅಷ್ಟು ತೆಳು ಗಾಜಿಗೆ ಎಲ್ಲಿಯ ಭಾರ? ಅವಳು ಕೊಟ್ಟಳು. ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ನಡೆದ.

ಇಂಜಿನಿಯರ್ ಪ್ಲೇಟನ್ನು ಕಿಟಕಿಗೆ ಹಿಡಿದರು. ಸಂದು ಎಡಕ್ಕೆ ಕಂಡಿತು. ನೋಡಿದಿರಾ ಎಂದರು. ಹುಡುಗಿ ಅದನ್ನು ಅವರ ಕೈಯಲ್ಲೇ ತಿರುಗಿಸಿದಳು. ಸಂದು ಬಲಕ್ಕೆ ಹೋಯಿತು. ಗಾಜು ಯಾವ ಕಡೆಯಿಂದಲೂ ಕಾಣುತ್ತದೆ, ಇದರಲ್ಲಿ ಸರಿ ಯಾವುದೆಂದು ಹೇಗೆ ಗೊತ್ತಾಗಬೇಕು ಎಂದು ಅವರು ಕೇಳಿದರು, ನ್ಯಾಯವಾದ ಪ್ರಶ್ನೆ. ಅವಳು ಕೆಳಗಿನ ಮೂಲೆಯನ್ನು ತೋರಿಸಿದಳು. ಸೂಜಿಯಲ್ಲಿ ಗೀರಿದ ನಂಬರು: ೨೧೭. ಮೊದಲು ಹಿಡಿದಿದ್ದ ಹಾಗೆ ಹಿಡಿದರೆ ಅದು ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ ಕಾಣುತ್ತಿತ್ತು. ನೆಟ್ಟಗೆ ಓದುವಂತೆ ಹಿಡಿದರೆ ಸಂದು ಬಲಸಾಲಿನಲ್ಲಿತ್ತು.

"ಜೇಬೂ ಎಡಕ್ಕೆ ಬಂತು, ನೋಡಿ ಸಾರ್," ಎಂದ ಟೈಲರ್. "ಎಲ್ಲಿರಬೇಕೋ ಅಲ್ಲಿ."

ಕಚೇರಿಯಲ್ಲಿದ್ದ ಗಂಡಸರೆಲ್ಲ, ಇಂಜಿನಿಯರೂ ಸೇರಿ, ಒಮ್ಮೆ ತಂತಮ್ಮ ಎದೆ ಮುಟ್ಟಿ ನೋಡಿಕೊಂಡರು.

ಕೆಂಪು ಗೆರೆ ರಸ್ತೆ ದಾಟಿತು. ಗಂಡ ಹೆಂಡತಿ ತಮ್ಮ ಚೌಕಟ್ಟಿನ ಮೇಲಿದ್ದ ಗೆರೆಯನ್ನು ಸೀಮೆಎಣ್ಣೆ ಹಾಕಿ ಉಜ್ಜಿ ತೆಗೆದರು. ಅದಾದ ಮೇಲೂ ಟೈಲರ್‌ಗೆ ಸಮಾಧಾನವಿರಲಿಲ್ಲ. ಯಾರಾದರೂ ತಮ್ಮ ಮನೆಗೆ ತಾವೇ ಸುತ್ತಿಗೆ ಕರೆತರುತ್ತಾರೆಯೇ? ಇದರಲ್ಲಿ ಅವಳಿಗೆ ಏನು ಲಾಭ? ಎರಡು ದಿನ ಹುಡುಕಿದ, ಸಿಗಲಿಲ್ಲ. ಕೊನೆಗೆ ಅವಳನ್ನೇ ಕೇಳಿದ. ಲಾಭವೇನೂ ಇಲ್ಲ ಮಾಮ ಎಂದಳು. ಅದನ್ನೂ ಅವನು ಪೂರ್ತಿ ನಂಬಲಿಲ್ಲ. ಆದರೆ ಪ್ರಿಂಟರನ್ನು ತನ್ನ ಅಂಗಡಿಯ ಒಳಮೂಲೆಯಲ್ಲಿ, ತೇಪೆ ಹಾಕಿದ ಗೋಡೆಯ ಪಕ್ಕ, ಇಟ್ಟುಕೊಳ್ಳಬಹುದು ಎಂದ. ಬೀಗದ ಕೈ ಮಾತ್ರ ತನ್ನ ಹತ್ತಿರವೇ ಇರುತ್ತದೆ.

ಗೋಡೆ ಒಡೆಯುವ ದಿನ ಅತ್ತೆ ಕುರ್ಚಿ ಹಾಕಿಸಿಕೊಂಡು ಹೊರಗೆ ಕೂತಳು. ನಮ್ಮಪ್ಪ ಕಟ್ಟಿದ ಗೋಡೆ, ಅಷ್ಟು ಸುಲಭಕ್ಕೆ ಬೀಳುವುದಿಲ್ಲ ಎಂದು ಕೆಲಸದವರಿಗೆ ಎಚ್ಚರಿಕೆ ಕೊಟ್ಟಳು. ಮೂರನೆಯ ಏಟಿಗೆ ಬಿತ್ತು. ಗಾರೆಯೇ ಇರಲಿಲ್ಲ, ಬರೀ ಮಣ್ಣು. ಮುಂದೊಂದು ದಿನ ತೆಗೆಯಬೇಕಾದೀತು ಎಂದೇ ಹಾಗೆ ಕಟ್ಟಿದ್ದು ಎಂದಳು ಅತ್ತೆ. ಸುಣ್ಣ ಉಳಿಸಿದ್ದು ಎಂದ ಟೈಲರ್. ಮೇಷ್ಟ್ರು ಎರಡನ್ನೂ ಬರೆದುಕೊಂಡರು.

ಅರವತ್ತು ವರ್ಷ ಕತ್ತಲಲ್ಲಿದ್ದ ಜಾಗಕ್ಕೆ ಬಿಸಿಲು ಬಂತು. ಧೂಳು ಇಳಿದ ಮೇಲೆ ನೋಡಿದರೆ, ಆ ತುದಿಯಲ್ಲಿ ಹಿಂಬೀದಿಯ ಹೆಂಗಸೊಬ್ಬಳು ಖಾಲಿ ಕೊಡ ಹಿಡಿದು ನಿಂತಿದ್ದಳು. ಒಂದು ಕಾಲು ಒಳಗಿಟ್ಟಳು, ಮತ್ತೆ ಹಿಂದಕ್ಕೆ ತೆಗೆದಳು. ಗೋಡೆಯ ಮೇಲೆ ಇನ್ನೂ ತಾತನ ಕಪಾಟಿನ ಗುರುತುಗಳಿದ್ದವು, ಒಂದು ಮೊಳೆಗೆ ಕ್ಯಾಲೆಂಡರು ನೇತಾಡುತ್ತಿತ್ತು.

"ಇದು ದಾರಿನಾ, ನಿಮ್ಮ ಮನೆನಾ?" ಎಂದು ಅಲ್ಲಿಂದಲೇ ಕೇಳಿದಳು.

ಹುಡುಗಿಯೂ ಅತ್ತೆಯೂ ಬಾಯಿ ತೆರೆಯುವ ಮುಂಚೆ ಟೈಲರ್ ಹೇಳಿದ: "ದಾರಿ, ದಾರಿ. ಬಾರಮ್ಮ."

ಅವಳು ಮೂವರ ಮುಖವನ್ನೂ ಒಂದೊಂದಾಗಿ ನೋಡಿದಳು. ಯಾಕೋ ನಂಬಿಕೆ ಬರಲಿಲ್ಲ. ಕೊಡವನ್ನು ಸೊಂಟಕ್ಕೇರಿಸಿಕೊಂಡು, ಎಂದಿನ ಹಾಗೆ ಎರಡು ಬೀದಿ ಸುತ್ತಿಕೊಂಡೇ ನಲ್ಲಿಗೆ ಹೋದಳು.